ಟೀಚರ್ ಮದುವೆಯ ನೋಟಿಸು

ಹೋದ ವಾರ ಬಣಕಲ್ ಬಸ್‌ಸ್ಟ್ಯಾಂಡಿನಲ್ಲಿ ಮೂಡಿಗೆರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಗೋಡೆಗೆ ಒಬ್ಬಾತ ಕಬಡ್ಡಿ ಪಂದ್ಯದ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನ ತುಂಬ ಮೈದಾ ಗೋಂದು. ಕುದಿಸಿದ ಮೈದಾಕ್ಕೆ ಹುಳ ಹಿಡಿಯದಿರಲಿ ಎಂದು ಚೂರು ಮೈಲುತುತ್ತ ಹಾಕುತ್ತಾರಲ್ಲ, ಆ ಹುಳಿಹುಳಿ ವಾಸನೆ. ಬಸ್ಸು ಬಂತು, ಹತ್ತಿ ಕೂತೆ. ಕಿಟಕಿಯ ಆಚೆ ತೋಟಗಳು ಹಿಂದೆ ಸರಿಯುತ್ತಿದ್ದವು. ನನಗೆ ಮಾತ್ರ ಸಬ್ ರಿಜಿಸ್ಟ್ರಾರ್ ಆಫೀಸಿನ ಅಟೆಂಡರು ಅದೇ ಗೋಂದು ಬಳಿದು ನಮ್ಮ ಟೀಚರ್ ಮದುವೆಯ ನೋಟಿಸನ್ನು ಬೋರ್ಡಿಗೆ ಒತ್ತಿ ಹಿಡಿದ ಆ ಬೆಳಿಗ್ಗೆ ಕಾಣುತ್ತಿತ್ತು...

ಅವರು ನನ್ನ ಅಂಗನವಾಡಿ ಟೀಚರ್. ಬಣಕಲ್ ಹತ್ತಿರದ ಎಸ್ಟೇಟಿನ ಕೂಲಿ ಲೈನಿನ ಮಕ್ಕಳೆಲ್ಲ ಅವರ ಕೈಯಲ್ಲೇ ಅಕ್ಷರ ತಿದ್ದಿದವರು. ಅಮ್ಮ ತೋಟದ ಕೆಲಸಕ್ಕೆ ಹೋಗುವಾಗ ನನ್ನನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದಳು. ಟೀಚರಿಗೆ ಒಂದು ಅಭ್ಯಾಸವಿತ್ತು. ಯಾವ ಮಗುವಾದರೂ ಪದ್ಯದ ನಡುವೆ ಮುಂದಿನ ಸಾಲು ಬಾರದೆ ನಿಂತರೆ, ಉಳಿದವರು ನಗುವ ಮೊದಲೇ ಅದನ್ನು ಹತ್ತಿರ ಕರೆದು ಮಡಿಲಲ್ಲಿ ಕೂರಿಸಿಕೊಂಡು, ಮಿಕ್ಕ ಪದ್ಯವನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ಕೊನೆಯವರೆಗೆ ನೋಡಿಕೊಳ್ಳುತ್ತ ಅವರಿಗೆ ಮದುವೆಯ ವಯಸ್ಸು ದಾಟಿಹೋಗಿತ್ತು. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಜನವರಿಯ ಒಂದು ದಿನ, ಅವರು ನನ್ನನ್ನು ಹುಡುಕಿಕೊಂಡು ಬಂದರು. ಆಗ ನಾನು ಮೂಡಿಗೆರೆಯಲ್ಲಿ, ಆ ಆಫೀಸಿನ ಎದುರಿಗಿದ್ದ ಪತ್ರ ಬರಹಗಾರರ ಅಂಗಡಿಯಲ್ಲಿ ಟೈಪ್ ಮಾಡುವ ಕೆಲಸಕ್ಕಿದ್ದೆ. ಟೀಚರ್ ಬೆಂಚಿನ ತುದಿಯಲ್ಲಿ ಕೂತು, ಜನ ಕಡಿಮೆಯಾಗುವವರೆಗೆ ಕಾದು, ಆಮೇಲೆ ಮೆಲ್ಲಗೆ ಕೇಳಿದರು:

“ರಿಜಿಸ್ಟರ್ ಮದುವೆ ಆಗ್ಲಿಕ್ಕೆ ಏನೇನು ಬೇಕಾಗ್ತದೆ ಪುಟ್ಟಿ?”

ಯಾರಿಗೆ ಎಂದು ಕೇಳಿದೆ. ಅವರು ಸೆರಗಿನ ತುದಿ ಮಡಚುತ್ತ “ನಂಗೇ” ಎಂದರು. ಅವರಿಗಾಗ ಐವತ್ನಾಲ್ಕು.

ಗಂಡು ಯಾರೆಂದು ಕೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅಂಗನವಾಡಿಯ ಬಲ್ಬು ಉರಿಯದಿದ್ದರೂ ನೀರಿನ ಮೋಟರ್ ಕೆಟ್ಟರೂ ಸೈಕಲ್ಲಿನಲ್ಲಿ ಬರುತ್ತಿದ್ದ ಮೋಟರ್ ರಿಪೇರಿಯವರು. ಕುದುರೆಮುಖದ ಗಣಿ ಕಂಪನಿಯಲ್ಲಿ ಎಲೆಕ್ಟ್ರೀಷಿಯನ್ ಆಗಿದ್ದರು. ಗಣಿ ನಿಂತ ಮೇಲೆ ಟೌನ್‌ಶಿಪ್ಪಿನವರೆಲ್ಲ ದಿಕ್ಕಿಗೊಬ್ಬರಾದಾಗ ಇವರು ಬಣಕಲ್ಲಿಗೆ ಬಂದು, ತೋಟಗಳ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಉಳಿದುಬಿಟ್ಟಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಘಟ್ಟದ ಕೆಳಗೆ, ಬೆಳ್ತಂಗಡಿ ಕಡೆ ಅಕ್ಕನ ಮನೆ ಇತ್ತು. ಕ್ರೈಸ್ತರು. ಟೀಚರನ್ನು ಅವರು ಎಂದೂ ಹೆಸರು ಹಿಡಿದು ಕರೆದವರಲ್ಲ. ಅವರಿಗೂ ಇವರು “ಟೀಚರ್” ಎಂದೇ.

ಅಂಗಡಿಯ ಯಜಮಾನರು ಒಂದು ಉಪಾಯ ಹೇಳಿದರು. ಇಬ್ಬರಲ್ಲಿ ಒಬ್ಬರು ಧರ್ಮ ಬದಲಾಯಿಸಿಕೊಂಡರೆ ದೇವಸ್ಥಾನದಲ್ಲೋ ಚರ್ಚಿನಲ್ಲೋ ಬೇಗ ಮುಗಿಯುತ್ತದೆ. ಇಲ್ಲದಿದ್ದರೆ ನೋಟಿಸ್ ಕೊಟ್ಟು, ಯಾರದಾದರೂ ತಕರಾರು ಬರುತ್ತದೋ ಎಂದು ಮೂವತ್ತು ದಿನ ಕಾಯಬೇಕು. ಟೀಚರ್ ತಲೆ ಅಲ್ಲಾಡಿಸಿದರು. ಈ ವಯಸ್ಸಿನಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆಯಲು ತನಗಾಗದು, ತನ್ನನ್ನು ಬೇರೆ ಹೆಸರಿನಿಂದ ಕರೆದರೆ ಅವರು ನಕ್ಕುಬಿಡುತ್ತಾರೆ, ಮೂವತ್ತು ದಿನ ತಾನೇ, ಕಾಯೋಣ ಎಂದರು.

ಆ ಮದುವೆಯನ್ನು ಅವರು ಎಷ್ಟು ಆಸೆಯಿಂದ ಯೋಚಿಸಿದ್ದರು! ಚಪ್ಪರ ಬೇಡ, ಓಲಗ ಬೇಡ. ಮಾರ್ಚಿನಲ್ಲಿ, ಹೂಮಳೆ ಬಿದ್ದು ಕಾಫಿ ಹೂವಾದ ವಾರದಲ್ಲಿ ಆಗಲಿ. ಎರಡು ಹಾರ, ಆಮೇಲೆ ಅವರ ಮನೆಯಲ್ಲಿ ಅಕ್ಕಿರೊಟ್ಟಿ, ಕೋಳಿಸಾರಿನ ಊಟ. ಸಾಕ್ಷಿಗಳು ಮಾತ್ರ ತಾನು ಅಕ್ಷರ ಕಲಿಸಿದವರೇ ಆಗಬೇಕು. “ನಾನು ತಿದ್ದಿಸಿದ ಅಕ್ಷರದಲ್ಲೇ ಸಹಿ ಬೀಳ್ಲಿ” ಎಂದರು. ಹಾಗೆ ನಾವು ಮೂವರಾದೆವು. ನಾನು, ಕಳಸದ ರೋಡಿನಲ್ಲಿ ಜೀಪ್ ಓಡಿಸುವ ಒಬ್ಬ, ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಒಬ್ಬಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಹೆಬ್ಬೆಟ್ಟು ಒತ್ತುತ್ತಿದ್ದ ಅವಳು, ಟೀಚರ್ ಮದುವೆಗೆಂದು ಸಂಜೆ ಹೊತ್ತು ಕೂತು ಹೆಸರು ಬರೆದು ಬರೆದು ರೂಢಿ ಮಾಡಿಕೊಂಡಳು.

ನೋಟಿಸ್ ಕೊಡುವುದಕ್ಕೇ ಮೂರು ವಾರ ಹಿಡಿಯಿತು. ಮೋಟರ್ ರಿಪೇರಿಯವರ ಕಾಗದಗಳಲ್ಲೆಲ್ಲ ಕುದುರೆಮುಖದ ಟೌನ್‌ಶಿಪ್ಪಿನ ವಿಳಾಸವೇ ಇತ್ತು. ಅಲ್ಲಿ ಈಗ ಯಾರೂ ಇಲ್ಲ. ಬಣಕಲ್ಲಿನಲ್ಲಿ ವಾಸವಿದ್ದಾರೆಂಬ ಪತ್ರಕ್ಕೆ ಪಂಚಾಯ್ತಿಗೆ ಅಲೆದೆವು. ಕೊನೆಗೆ ಫೆಬ್ರವರಿಯಲ್ಲಿ ನಾನೇ ಟೈಪ್ ಮಾಡಿದ ನೋಟಿಸು ಬೋರ್ಡಿಗೆ ಬಿತ್ತು. ಅವರಿಬ್ಬರೂ ಅದರೆದುರು ನಿಂತು ಓದಿದರು. ಮೋಟರ್ ರಿಪೇರಿಯವರು ಏನೋ ಹೇಳಿದರು, ಟೀಚರ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಹದಿನೆಂಟನೇ ದಿನ, ಒಂದು ತೋಟದ ಪಂಪ್‌ಹೌಸಿನಲ್ಲಿ ಅವರು ಕುಸಿದು ಬಿದ್ದರು. ಬಲಗೈ, ಬಲಗಾಲು, ಮಾತು, ಎಲ್ಲ ಒಟ್ಟಿಗೆ ಹೋಗಿತ್ತು. ತೋಟದವರು ಜೀಪಿನಲ್ಲಿ ಘಾಟಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ತಿಳಿದು ನಾನೂ ಟೀಚರೂ ಬಸ್ಸಿನಲ್ಲಿ ಹೋದೆವು. ಒಳಗೆ ಬಿಡಬೇಕಾದರೆ ಸಂಬಂಧ ಹೇಳಬೇಕಿತ್ತು. ಕೌಂಟರಿನ ಹುಡುಗಿ ಪೆನ್ನು ಹಿಡಿದು ಕೇಳಿದಳು, ಪೇಷಂಟಿಗೆ ನೀವು ಏನಾಗಬೇಕು ಎಂದು.

ಟೀಚರ್ “ಇನ್ನೂ ಏನೂ ಆಗಿಲ್ಲ” ಎಂದರು.

ಹುಡುಗಿಗೆ ಅರ್ಥವಾಗಲಿಲ್ಲ. ಅವಳು ಏನನ್ನೂ ಬರೆದುಕೊಳ್ಳಲಿಲ್ಲ. ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಸಂಜೆ ಅವರ ಅಕ್ಕ ಬಂದು, ನೋಟಿಸಿನ ವಿಷಯ ಕೇಳಿ, ಟೀಚರ ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

ಮೂರು ವಾರದ ಮೇಲೆ ಆಸ್ಪತ್ರೆಯವರು ಮನೆಗೆ ಕಳಿಸಿದರು. ಯಾರ ಮನೆಗೆ? ತಾನು ನೋಡಿಕೊಳ್ಳುತ್ತೇನೆ, ಬಣಕಲ್ಲಿಗೆ ಕಳಿಸಿಕೊಡಿ ಎಂದು ಟೀಚರ್ ಕೇಳಿದರು. ಅಕ್ಕ ಕೆಟ್ಟವರಲ್ಲ. ಆದರೆ ಮದುವೆಯಾಗದೆ ಯಾವ ಲೆಕ್ಕದಲ್ಲಿ ಕಳಿಸಲಿ, ಊರಿನವರು ಕೇಳಿದರೆ ಏನು ಹೇಳಲಿ, ಮದುವೆಯಾಗಲಿ, ಅದೇ ದಿನ ಕರೆದುಕೊಂಡು ಹೋಗಿ ಎಂದರು. ಅವರನ್ನು ಅಕ್ಕನ ಮನೆಗೇ ಒಯ್ದರು.

ನಾನು ಆಫೀಸಿನಲ್ಲಿ ವಿಚಾರಿಸಿದೆ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಗಂಡು ಹೆಣ್ಣು ಇಬ್ಬರೂ ಅಧಿಕಾರಿಯ ಮುಂದೆ, ಇಂಥವರನ್ನು ನಾನು ಮದುವೆಯಾಗುತ್ತೇನೆಂದು ಬಾಯಿಬಿಟ್ಟು ಹೇಳಬೇಕು. ಒಂದೇ ಒಂದು ವಾಕ್ಯ.

ಆ ವಾಕ್ಯವನ್ನು ಟೀಚರ್ ಒಂದು ಹಾಳೆಯಲ್ಲಿ ಬರೆಸಿಕೊಂಡರು. ಆಮೇಲೆ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಚಾರ್ಮಾಡಿ ಘಾಟಿ ಇಳಿದು ಅಕ್ಕನ ಮನೆಗೆ ಹೋಗುತ್ತಿದ್ದರು. ಮನೆಯವರು ಚರ್ಚಿಗೆ ಹೋದ ಹೊತ್ತಿನಲ್ಲಿ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಪಾಠ. ನಾನೊಮ್ಮೆ ಜೊತೆಗೆ ಹೋಗಿದ್ದೆ. ನಮಗೆ ಪದ್ಯ ಹೇಳಿಕೊಡುತ್ತಿದ್ದ ಹಾಗೆಯೇ, ಒಂದೊಂದು ತುಂಡಿಗೂ ಕೈ ತಟ್ಟುತ್ತ, “ನಾ...ನು” ಎನ್ನುತ್ತಿದ್ದರು. ಅವರ ತುಟಿ ಒಂದು ಕಡೆಗೆ ಎಳೆಯುತ್ತಿತ್ತು, ಜೊಲ್ಲು ಇಳಿಯುತ್ತಿತ್ತು. ಟೀಚರ್ ಒರೆಸಿ ಮತ್ತೆ ಶುರುಮಾಡುತ್ತಿದ್ದರು. ಏಪ್ರಿಲ್ ಹೊತ್ತಿಗೆ “ನಾನು” ಬಂತು. “ಟೀಚರ್” ಎಂಬುದೂ ಬಂತು, ಅದನ್ನು ಯಾರೂ ಕಲಿಸಿರಲಿಲ್ಲ. ಟೀಚರ ನಿಜವಾದ ಹೆಸರು ಮಾತ್ರ ನಾಲಿಗೆಗೆ ಸಿಗಲಿಲ್ಲ. ಅದರಲ್ಲೊಂದು ಒತ್ತಕ್ಷರವಿತ್ತು...

ಅವಧಿ ಮುಗಿಯಲು ನಾಲ್ಕು ದಿನವಿರುವಾಗ ಅಕ್ಕನ ಮಗ ಕಾರಿನಲ್ಲಿ ಅವರನ್ನು ಮೂಡಿಗೆರೆಗೆ ಕರೆತಂದ. ಜೀಪಿನವನು ಅವರನ್ನು ಎತ್ತಿಕೊಂಡು ಒಳಗೆ ತಂದು ಕುರ್ಚಿಯಲ್ಲಿ ಕೂರಿಸಿದ. ಹೊಸ ಅಂಗಿ, ನುಣ್ಣಗೆ ಕ್ಷೌರ. ಟೀಚರ್ ಕೆನೆಬಣ್ಣದ ಹತ್ತಿ ಸೀರೆ ಉಟ್ಟಿದ್ದರು. ಸಹಿ ಕಲಿತವಳು ಎರಡು ಹಾರಗಳನ್ನು ಬಾಳೆಲೆಯಲ್ಲಿ ಕಟ್ಟಿ ಹಿಡಿದುಕೊಂಡಿದ್ದಳು.

ಅಧಿಕಾರಿ ಸಮಾಧಾನದ ಮನುಷ್ಯ. ಬೇರೆಯವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಸಿ, ತಮ್ಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕೂತರು. ಹೆಸರು ಕೇಳಿದರು. ಅವರು ತಡವರಿಸಿ ಹೇಳಿದರು. ಟೀಚರನ್ನು ತೋರಿಸಿ, ಇವರು ಯಾರು ಎಂದು ಕೇಳಿದರು.

“ಟೀಚರ್” ಎಂದರು ಅವರು, ಸ್ಪಷ್ಟವಾಗಿ.

“ಅವರ ಹೆಸರೇನು? ಹೆಸರು ಹೇಳಿ ಆ ಮಾತು ಹೇಳ್ಬೇಕಾಗ್ತದೆ.”

ಅವರು ಬಾಯಿ ತೆರೆದರು. ಹಣೆಯ ನರ ಉಬ್ಬಿತು. ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಹಿಡಿದಿತ್ತು. ನಾವು ಮೂವರೂ ಅವರ ತುಟಿಯನ್ನೇ ನೋಡುತ್ತ, ನಮ್ಮ ತುಟಿಗಳನ್ನೂ ಆಡಿಸುತ್ತಿದ್ದೆವೆಂದು ಕಾಣುತ್ತದೆ. ಅಧಿಕಾರಿ ಕಾದರು. ಎರಡನೇ ಸಲ, ಮೂರನೇ ಸಲ ಕೇಳಿದರು. “ನಾನು... ಟೀಚರ್... ನಾನು...” ಅಷ್ಟೇ. ಕಣ್ಣಿಂದ ನೀರು ಇಳಿಯತೊಡಗಿತು. ಅಧಿಕಾರಿ ಪುಸ್ತಕ ನೋಡಿದರು, ನಮ್ಮನ್ನು ನೋಡಿದರು. ತಾನು ಬರೆದುಕೊಂಡುಬಿಡಬಹುದು, ಆದರೆ ನಾಳೆ ಯಾರಾದರೂ ಇವರಿಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ಕೇಸು ಹಾಕಿದರೆ ಟೀಚರಿಗೇ ತೊಂದರೆ ಎಂದರು. ಇನ್ನೊಂದು ಸಲ ನೋಡೋಣ ಎಂದು ನಾಲ್ಕನೇ ಬಾರಿ ಅವರತ್ತ ಬಾಗಿದರು.

ಆಗ ಟೀಚರ್ ಎದ್ದು ನಿಂತರು.

“ಸಾಕು ಸರ್, ಬಿಡಿ. ಅವರಿಗೆ ಸುಸ್ತಾಗಿದೆ.”

ಕರವಸ್ತ್ರದಿಂದ ಅವರ ಮುಖ ಒರೆಸಿದರು. ತಲೆಯನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಅವರ ಪರವಾಗಿ ಹೇಳಿ ಮುಗಿಸುವುದಕ್ಕೆ ಅದೇನು ಪದ್ಯವೇ? ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಕಾರು ಘಾಟಿಯ ಕಡೆ ಹೊರಟುಹೋಯಿತು. ಮತ್ತೊಮ್ಮೆ ನೋಟಿಸ್ ಕೊಡಬಹುದಾ ಎಂದು ಟೀಚರ್ ಕೇಳಿದರು. ಕೊಡಬಹುದು, ಮತ್ತೆ ಮೂವತ್ತು ದಿನ ಎಂದೆ. ಮಳೆಗಾಲ ಕಳೆಯಲಿ, ಅಷ್ಟರಲ್ಲಿ ಹೆಸರು ಬಂದೀತು ಎಂದರು. ಭಾನುವಾರದ ಪಾಠ ಬಿಡಲಿಲ್ಲ.

ಜುಲೈನಲ್ಲಿ ಮೋಟರ್ ರಿಪೇರಿಯವರು ತೀರಿಕೊಂಡರು. ಫೋನು ಬಂದಾಗ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಜೀಪಿನವನು ಟೀಚರನ್ನೂ ನನ್ನನ್ನೂ ಕೂರಿಸಿಕೊಂಡು ಕಳಸ, ಕುದುರೆಮುಖದ ಮೇಲೆ ಸುತ್ತುಹಾಕಿ ಹೊರಟ. ಖಾಲಿ ಟೌನ್‌ಶಿಪ್ಪು ಬಂದಾಗ ಟೀಚರ್ ನಿಲ್ಲಿಸಲು ಹೇಳಿದರು. ಸಾಲುಸಾಲು ಕ್ವಾರ್ಟರ್ಸು, ಒಡೆದ ಕಿಟಕಿ, ಒಳಗೆಲ್ಲ ಗಿಡ. ಅವರು ಇಳಿಯಲಿಲ್ಲ.

“ಅವರದು ಯಾವ ಮನೆ ಅಂತ ಕೇಳಿಯೇ ಇರ್ಲಿಲ್ಲ ನೋಡು” ಎಂದರು. “ಹೋಗಣ ಮಾರಾಯ” ಎಂದರು ಜೀಪಿನವನಿಗೆ.

ನಾವು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

ನಿವೃತ್ತಿಯಾದ ಮೇಲೆ ಟೀಚರ್ ಕೊಪ್ಪದ ಕಡೆ ತಮ್ಮನ ಮನೆಗೆ ಹೋದರು. ಹಬ್ಬಕ್ಕೊಮ್ಮೆ ನಾನು ಫೋನ್ ಮಾಡುತ್ತಿದ್ದೆ. ನಿನ್ನ ಮಕ್ಕಳು ಹೇಗಿದ್ದಾರೆ, ಓದುತ್ತಾರಾ ಎಂದು ಕೇಳುತ್ತಿದ್ದರು, ಬೇರೇನೂ ಇಲ್ಲ. ಬರಬರುತ್ತ ಅದೂ ತಪ್ಪಿತು. ಎರಡು ವರ್ಷದ ಹಿಂದೆ ಅವರು ಜ್ವರ ಬಂದು ಮೂರೇ ದಿನದಲ್ಲಿ ಹೋದರಂತೆ. ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ.

ಈಗ ಆ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ಮೊನ್ನೆ ಒಂದು ಜೋಡಿ ಬಂದಿತ್ತು. ಮೂವತ್ತು ದಿನ ಕಾಯಬೇಕು ಎಂದೆ. ಏನು ಮಹಾ ಮೂವತ್ತು ದಿನ ಎಂದು ಹುಡುಗಿ ನಕ್ಕಳು. ನಾನೂ ನಕ್ಕು, ಕಾಗದಗಳನ್ನು ಎರಡೆರಡು ಸಲ ನೋಡಿ, ಅವತ್ತೇ ನೋಟಿಸ್ ಕೊಡಿಸಿದೆ. ಅವರು ಹೋದ ಮೇಲೆ ಕೆಲಸ ಮುಂದಕ್ಕೆ ಹೋಗಲಿಲ್ಲ. ಟೀಚರ್ ಅರ್ಜಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಅಧಿಕಾರಿ ಒಳ್ಳೆಯವರು, ಅಕ್ಕ ಒಳ್ಳೆಯವರು, ಆಸ್ಪತ್ರೆಯ ಹುಡುಗಿಯದೂ ತಪ್ಪಲ್ಲ. ಇಷ್ಟು ವರ್ಷವಾದರೂ, ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ಗೊತ್ತಾಗಿಲ್ಲ.