ತಾಸಿಗೊಮ್ಮೆ ಬರುವ ಸಾಹೇಬ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗಂಗಾವತಿ ಕಡೆಯ ಒಂದು ಉಪಕಾಲುವೆಯ ಮೇಲೆ ಇಂಜಿನಿಯರನಾಗಿದ್ದೆ. ಹುಟ್ಟಿದ್ದು ಯಲಬುರ್ಗಾದ ಒಣಭೂಮಿಯಲ್ಲಿ. ನೀರು ಹಂಚಲು ಸರ್ಕಾರಕ್ಕೆ ನಾನೇ ಸಿಕ್ಕೆ. ಆ ವರ್ಷ ದಂಡೆಯ ಮೇಲಿನ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಹೊಟ್ಟೆಯೊಳಗೆ ಒಂದು ಹಸಿರು ಬೋರ್ಡ್. ಕಾಲುವೆಯ ಗೇಟಿನ ಕೆಳಗೆ ತೇಲುವ ಬುರುಡೆ ನೀರಿನೊಂದಿಗೆ ಏರಿಳಿದಂತೆ ತಂತಿಯಲ್ಲಿ ಬರುವ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತಿತ್ತು. ಬೋರ್ಡ್ ತಾಸಿಗೊಮ್ಮೆ, ಸರಿಯಾಗಿ ಗಂಟೆಗೆ, ಅದನ್ನು ಅಂಕಿ ಮಾಡಿ ಕಂಪ್ಯೂಟರಿಗೆ ಒಪ್ಪಿಸುತ್ತಿತ್ತು. ಆಗ ಗೇಟಿನ ಪಕ್ಕದ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

ಕಾಲುವೆಯ ಕೊನೆಯಲ್ಲಿ ಭತ್ತ ಹಚ್ಚಿದ್ದ ಒಬ್ಬ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತಳು. ನನ್ನ ಅವ್ವನ ವಯಸ್ಸು.

"ಸಾಹೇಬ್ರ, ಭತ್ತ ಒಣಗಾಕತ್ತೈತ್ರಿ. ನೀರು ಬರವಲ್ದು."

ನಾನು ಪ್ರಿಂಟರ್ ಬರೆದ ನೀರಿನ ಮಟ್ಟದ ಕಾಗದ ತೋರಿಸಿದೆ. ಪಟ್ಟಿ ಹಿಡಿದು ಎಳೆದಂಥ ಗೆರೆ. "ನೋಡ್ ಬೇ, ನೀರು ತುಂಬಿ ಹರಿಯಾಕತ್ತೈತಿ. ಮಷಿನ್ ಸುಳ್ಳು ಹೇಳಂಗಿಲ್ಲ."

"ಗಂಟಿ ಹೊಡಿಯೂ ಹೊತ್ತಿಗಷ್ಟ ಬಿಡ್ತಾರ್ರಿ. ಒಂದ್ ತಾಸು ಗೇಟಿನ ಹತ್ರ ನಿಂತು ನೋಡ್ರಿ."

ಗೇಟು ಇನ್ನೂರು ಹೆಜ್ಜೆ ದೂರ. ನಾನು ಹೋಗಲಿಲ್ಲ. ಕಂಪ್ಯೂಟರ್ ಇಟ್ಟುಕೊಂಡು ಬಿಸಿಲಲ್ಲಿ ನಿಲ್ಲಲು ನನಗೇನು ಹುಚ್ಚೇ?

ವಾರ ಕಳೆದು ಮತ್ತೆ ಬಂದಳು, ಅದೇ ಮಾತು. ಅವಳದು ಸುಳ್ಳೆಂದು ತೋರಿಸಿಯೇ ಬಿಡೋಣ ಎಂಬ ಹಟದಿಂದ ನಿಮಿಷಕ್ಕೊಮ್ಮೆ ಓದುವಂತೆ ಬೋರ್ಡನ್ನು ಹೊಂದಿಸಿದೆ. ಗೇಟಿನ ಕೆಂಪು ದೀಪ ಮಾತ್ರ ಮೊದಲಿನಂತೆ ತಾಸಿಗೊಮ್ಮೆಯೇ ಮಿಣುಕುತ್ತಿತ್ತು. ಅಲ್ಲಿ ಬೇರೆ ಫಜೀತಿ. ಬೋರ್ಡಿನ ಸ್ವಂತ ನೆನಪು ಒಂದು ಸಣ್ಣ ಬುಟ್ಟಿ. ಪ್ರಿಂಟರ್ ಕಿರುಚುತ್ತಿದ್ದಷ್ಟು ಹೊತ್ತು ಕಂಪ್ಯೂಟರ್ ಬುಟ್ಟಿ ಖಾಲಿ ಮಾಡಲು ಬರುತ್ತಿರಲಿಲ್ಲ. ತುಂಬಿದ ಮೇಲೆ ಬಂದ ಅಂಕಿಗಳೆಲ್ಲ ಚೆಲ್ಲಿಹೋಗುತ್ತಿದ್ದವು. ಎರಡು ದಿನ ಪುಸ್ತಕ ತಿರುವಿ, ಕಂಪ್ಯೂಟರ್ ಎಂಬ ಯಜಮಾನನನ್ನು ಕೇಳದೆ ನೇರ ಉಗ್ರಾಣಕ್ಕೇ ಸುರಿಯುವ ದಾರಿ ಕಂಡುಹಿಡಿದೆ. ಕಂಪ್ಯೂಟರ್ ಏನೇ ಮಾಡುತ್ತಿರಲಿ, ಬೋರ್ಡ್ ತಾನೇ ಅದರ ನೆನಪಿನೊಳಗೆ ಅಂಕಿ ಇಟ್ಟು ಬರುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಬಂದ ಗೆರೆ ಬಾಚಣಿಗೆಯಂತಿತ್ತು. ಪ್ರತಿ ಗಂಟೆಗೆ ಒಂದು ಹಲ್ಲು, ನಡುವೆ ಬರಿದು.

ಗೇಟು ನೋಡಿಕೊಳ್ಳುವವನನ್ನು ಕರೆಸಿದೆ. ಅವನಿಗೆ ಒಂದಿಷ್ಟೂ ಅಳುಕಿಲ್ಲ.

"ಸಾಹೇಬ್ರು ನೋಡಾಕ ಬರೂ ಹೊತ್ತಿಗೆ ಕಾಲುವಿ ತುಂಬ್ಸೂದು, ಹೋದ ಮ್ಯಾಲ ಗೇಟು ಇಳ್ಸಿ ಮ್ಯಾಲಿನ ಹೊಲದವ್ರಿಗೆ ಬಿಡೂದು, ಇದು ನಮ್ಮಪ್ಪನ ಕಾಲದಿಂದ ಐತ್ರಿ. ಮೊದಲಿನ ಸಾಹೇಬ್ರು ತಿಂಗಳಿಗೊಮ್ಮೆ ಬರ್ತಿದ್ರು. ಈ ಕೆಂಪ್ ದೀಪದ ಸಾಹೇಬ್ರು ತಾಸಿಗೊಮ್ಮೆ ಬರ್ತಾರ. ಗೇಟು ತಿರುವಿ ತಿರುವಿ ರಟ್ಟಿ ಬಿದ್ದು ಹೋಗ್ಯಾವ್ರಿ!"

ನಗು ಬಂತು, ನಕ್ಕೆ. ಗೇಟು ಎತ್ತಿಸಿ, ಬೀಗ ಹಾಕಿಸಿ, ಬೀಗದ ಕೈ ಜೇಬಿಗಿಳಿಸಿ, ಬಾಚಣಿಗೆ ಗೆರೆಯ ಕಾಗದ ಹಿಡಿದು ಅವಳ ಗದ್ದೆಗೆ ಹೋದೆ. ನೀರು ನನಗಿಂತ ಮೊದಲೇ ಮುಟ್ಟಿತ್ತು. ಆದರೆ ಅರ್ಧ ಗದ್ದೆಯಲ್ಲಿ ಅವಳ ಎಮ್ಮೆಗಳು ಒಣಗಿದ ಭತ್ತ ಮೇಯುತ್ತಿದ್ದವು. ನನಗೆ ನಾಚಿಕೆಯಾಯಿತು. ಕಾಗದ ಬಿಚ್ಚಿ ಹಿಡಿದು, ನೀನು ಹೇಳಿದ್ದು ಖರೆ ಎಂದೆ.

ಅವಳು ಕಾಗದದ ಉದ್ದಕ್ಕೂ ಕಣ್ಣಾಡಿಸಿದಳು.

"ನನ್ನ ಮಾತು ನಂಬಾಕ ಇಷ್ಟೆಲ್ಲಾ ವೈರು ಬೇಕಾತೇನು, ತಮ್ಮಾ?"