ಅಮಾವಾಸ್ಯೆ ಬಾರದ ಹದಿನೈದು ದಿನ

ನೇರವಾಗಿ ಹೇಳಿಬಿಡುತ್ತೇನೆ. ಆ ಸಾಫ್ಟ್‌ವೇರನ್ನು ನಾನು ಆರಿಸಿದ್ದು ಬಸ್ಸು ಹತ್ತಿ ಹತ್ತಿ ಬೇಜಾರಾಗಿತ್ತು ಅಂತ. ಮೀಟಿಂಗಿನಲ್ಲಿ ಮಾತ್ರ ಭದ್ರತೆ, ಶಿಸ್ತು, ನಿಯಂತ್ರಣ ಅಂತೆಲ್ಲ ದೊಡ್ಡ ದೊಡ್ಡ ಮಾತು ಆಡಿದ್ದೆ. ಸುಳ್ಳು.

ಎರಡು ಸಾವಿರದ ಆರೋ ಏಳೋ ಇರಬೇಕು. ಇಳಕಲ್ ಸೀರೆ ವ್ಯಾಪಾರದ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಬಾಗಲಕೋಟೆ ನವನಗರದ ಆಫೀಸಿನಲ್ಲಿ ‘ಐಟಿ ವಿಭಾಗ’ ಅಂತ ಬೋರ್ಡು ಇತ್ತು, ಬೋರ್ಡಿನ ಹಿಂದೆ ನಾನೊಬ್ಬನೇ. ಬಾದಾಮಿ, ಹುನಗುಂದದಲ್ಲಿ ಅಂಗಡಿ, ಇಳಕಲ್ಲಿನಲ್ಲಿ ಮಗ್ಗಗಳು. ಎಲ್ಲ ಸೇರಿ ಹದಿನಾಲ್ಕು ಮಷಿನು.

ಬಾದಾಮಿಯಿಂದ ಫೋನು ಬರುತ್ತಿತ್ತು.

“ಸರ, ಮಷಿನ್ ಸತ್ತೈತ್ರಿ.”

“ಪ್ಲಗ್ ನೋಡೀರೇನ್ರಿ?”

“ಅದು ನಮ್ಮ ಕೆಲಸೇನ್ರಿ? ನೀವ ಬರ್ರಿ.”

ಹೋಗಿ ನೋಡಿದರೆ ಪ್ಲಗ್ ಕಿತ್ತು ಅಲ್ಲಿ ಟೇಬಲ್ ಫ್ಯಾನು ಹಾಕಿರುತ್ತಿದ್ದರು. ಮರುದಿನ ಹುನಗುಂದದಲ್ಲಿ ಯಾರದೋ ಪೆನ್‌ಡ್ರೈವಿನಿಂದ ವೈರಸ್ಸು. ಕೊನೆಗೆ ನಮ್ಮ ಸಾವ್ಕಾರರೇ ಕರೆದು ಹೇಳಿದರು. “ಕುಂತಲ್ಲೇ ಎಲ್ಲಾ ಮಷಿನ್ ನೋಡೂ ಸಾಫ್ಟ್‌ವೇರ್ ಬಂದಾವಂತಲ್ಲಪಾ. ಒಂದು ಆರಸು. ನಿನ್ನ ಬಸ್ ಚಾರ್ಜ್ ಕೊಟ್ಟು ಕೊಟ್ಟು ಸಾಕಾಗೇತಿ.”

ಹುಡುಕಿದೆ. ಕೊನೆಗೆ ಎರಡು ಉಳಿದವು. ಮೊದಲನೆಯದು ಪ್ರತಿ ಮಷಿನಿನ ಪಟ್ಟಿ ಇಟ್ಟುಕೊಂಡು, ಆ ದಿನದ ಕೆಲಸದ ನಕಲನ್ನು ಆಫೀಸಿಗೆ ತಂದಿಡುತ್ತಿತ್ತು. ಆದರೆ ಅದನ್ನು ಹಾಕಬೇಕಾದರೆ ಒಬ್ಬೊಬ್ಬರ ಪಕ್ಕ ಕೂತು, ನೀವು ಏನು ಕೆಲಸ ಮಾಡುತ್ತೀರಿ, ಎಲ್ಲಿ ಇಡುತ್ತೀರಿ ಅಂತ ಕೇಳಿ ತುಂಬಬೇಕು. ಎರಡನೆಯದಕ್ಕೆ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಮಷಿನು ಇವತ್ತು ಹೇಗಿದೆಯೋ ಹಾಗೇ ಹೆಪ್ಪುಗಟ್ಟಿಸಿಬಿಡುತ್ತದೆ. ಆಮೇಲೆ ಏನೇ ಆಗಲಿ, ಆರಿಸಿ ಮತ್ತೆ ಹಚ್ಚಿದರೆ ಮೊದಲಿನ ಹಾಗೇ. ವೈರಸ್ಸು ಮಾಯ, ಆಟಗಳು ಮಾಯ. ಕೆಲಸವನ್ನು ‘ಡಿ’ ಡ್ರೈವ್ ಅನ್ನುವ ಬೇರೆ ಭಾಗದಲ್ಲಿ ಇಟ್ಟರೆ ಮಾತ್ರ ಅದು ಉಳಿಯುತ್ತದೆ.

ಮಾರಲು ಬಂದವನು ನನ್ನೆದುರೇ ಅರ್ಧ ಮಷಿನು ಅಳಿಸಿ, ಆರಿಸಿ ಹಚ್ಚಿ, ಎಲ್ಲವನ್ನೂ ವಾಪಸ್ ತೋರಿಸಿದ. ಚಪ್ಪಾಳೆ ತಟ್ಟುವುದೊಂದು ಬಾಕಿ. ಹದಿನೈದು ದಿನ ಪುಕ್ಕಟೆ ಬಳಸಿ ನೋಡಿ, ಅಂದ. ಅಂಗಡಿಗಳ ಲೆಕ್ಕ ಮೊದಲಿನಿಂದಲೂ ‘ಡಿ’ ಡ್ರೈವಿನಲ್ಲೇ ಇತ್ತು, ಅಲ್ಲಿ ತೊಂದರೆ ಇರಲಿಲ್ಲ.

ಇಳಕಲ್ಲಿನ ಮಷಿನು ಕಾಕಾನದು. ಕಾಕಾ ಅಂದರೆ ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆ ಬರೆಯುವವರು, ಅರವತ್ತು ದಾಟಿದ ನೇಕಾರ. ಮೊದಲು ಚೌಕದ ಹಾಳೆಯ ಮೇಲೆ ಬರೆಯುತ್ತಿದ್ದರು. ಕಣ್ಣು ಮಂಜಾದ ಮೇಲೆ, ಚೌಕ ದೊಡ್ಡದಾಗಿ ಕಾಣುತ್ತದೆ ಅಂತ ತಾವೇ ಕಂಪ್ಯೂಟರ್ ಕಲಿತರು. ಒಂದೊಂದೇ ಚೌಕ ತುಂಬುತ್ತಾ ಕೂಡುತ್ತಿದ್ದರು. ಮಗ್ಗಕ್ಕೆ ಹೂಡಿದ ಹಾಸನ್ನು, ಆ ಉದ್ದದ ಎಳೆಗಳನ್ನು, ಅರ್ಧಕ್ಕೆ ಇಳಿಸುವ ರೂಢಿ ಅವರಲ್ಲಿಲ್ಲ. ಹಾಗಾಗಿ ಮಷಿನನ್ನೂ ಆರಿಸುತ್ತಿರಲಿಲ್ಲ, ಪರದೆ ಮಾತ್ರ ಬಂದ್. ಕರೆಂಟು ಹೋದರೆ ಯುಪಿಎಸ್ ಬ್ಯಾಟರಿ, ಅದರ ಹಿಂದೆ ಶೆಡ್ಡಿನ ಜನರೇಟರ್ ಇತ್ತು. ತಿಂಗಳಿಗೊಮ್ಮೆ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವಾಗ ಮಾತ್ರ ಮಷಿನೂ ಆರಿಸಿ, ಒರೆಸಿ, ಕುಂಕುಮ ಹಚ್ಚುತ್ತಿದ್ದರು.

ಅಮಾವಾಸ್ಯೆ ಮುಗಿದ ಎರಡನೇ ದಿನಕ್ಕೆ ನಾನು ಸಿಡಿ ಹಿಡಿದು ಹೋದೆ.

“ಏನ ಹಾಕಾಕತ್ತೀಯೋ ತಮ್ಮಾ?”

“ಮಷಿನ್ ಕೆಡಬಾರದಂತ ಔಷಧ, ಕಾಕಾ.”

“ನಾ ಬರದದ್ದು ಇರ್ತೈತೋ ಇಲ್ಲೋ?”

“ಎಲ್ಲಾ ಇರ್ತೈತ್ರಿ. ನೋಟಿಸ್ ಹಚ್ಚೀನಿ, ಓದಕೋರಿ.”

“ಇಂಗ್ಲಿಷಿನ್ಯಾಗ ಐತೆಲ್ಲೋ ಮಂಗ್ಯಾ!”

“ಯಾರ ಕಡೆರ ಓದಿಸ್ಕೋರಿ.”

ನೋಟಿಸಿನಲ್ಲಿದ್ದದ್ದು ಒಂದೇ ಸಾಲು, ಕೆಲಸವನ್ನು ‘ಡಿ’ ಡ್ರೈವಿನಲ್ಲಿಡಿ ಅಂತ. ಕಾಕಾ ಎಲ್ಲವನ್ನೂ ಪರದೆಯ ಮೇಲೇ ಹರಡಿಕೊಂಡಿದ್ದರು. ನೇಯುವುದು ಕಣ್ಣೆದುರಿಗೇ ಇರಬೇಕು ಅನ್ನುವ ಮನುಷ್ಯ. ನಾನು ನೋಡಿದೆ. ನೋಡಿಯೂ ಎದ್ದೆ. ಬಾಗಲಕೋಟೆ ಬಸ್ಸಿಗೆ ಹೊತ್ತಾಗಿತ್ತು.

ಅದೇ ವಾರ ಕೂಡಲಸಂಗಮದ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಅತ್ತೆಯ ಹಳೆಯ ಸೀರೆಯೊಂದನ್ನು ಕಾಕಾನಿಗೆ ಕೊಟ್ಟಿದ್ದಳು. ಅದರ ದಡಿಯನ್ನು ಈಗ ಯಾರೂ ನೇಯುತ್ತಿರಲಿಲ್ಲ. ಅಮಾವಾಸ್ಯೆಯೊಳಗೆ ವಾಪಸ್ ಕೊಡಬೇಕು ಅನ್ನುವ ಕರಾರು. ಕಾಕಾ ಎಳೆ ಎಣಿಸಿ ಎಣಿಸಿ ಪರದೆಗೆ ಇಳಿಸತೊಡಗಿದರು.

ಹದಿನೈದು ದಿನಕ್ಕೆ ಕಾಕಾನಿಗೆ ಫೋನು ಮಾಡಿ ಕೇಳಿದೆ. “ಏನರ ತ್ರಾಸ ಐತೇನ್ರಿ?”

“ಏನಿಲ್ಲಪಾ, ಭೇಷ್ ಐತಿ.”

ಭೇಷ್ ಇರಲೇಬೇಕಲ್ಲ. ಆ ಹದಿನೈದು ದಿನದಲ್ಲಿ ಅಮಾವಾಸ್ಯೆ ಬಂದಿರಲಿಲ್ಲ. ಖರೀದಿ ಮಾಡಿಬಿಟ್ಟೆವು.

ಅಮಾವಾಸ್ಯೆ ಬಂತು. ಕಾಕಾ ನಕ್ಷೆ ಮುಗಿಸಿ, ಸೀರೆ ಮರಳಿಸಿ, ಮಷಿನು ಆರಿಸಿ ಕುಂಕುಮ ಹಚ್ಚಿದರು. ಮರುದಿನ ಹಚ್ಚಿ ನೋಡಿದರೆ ಆ ದಡಿ ಇಲ್ಲ. ನಾನು ಹೆಪ್ಪುಗಟ್ಟಿಸಿದ ದಿನ ಹೇಗಿತ್ತೋ ಹಾಗೇ ಇತ್ತು ಪರದೆ.

ಫೋನು ಬಂದದ್ದೇ ಇಳಕಲ್ಲಿಗೆ ಓಡಿದೆ. ಒಂದೇ ನಿಮಿಷಕ್ಕೆ ನನಗೆ ತಿಳಿಯಿತು. ಕಾಕಾ ನನ್ನ ಹಿಂದೆ ತಪ್ಪು ಮಾಡಿದವರ ಹಾಗೆ ನಿಂತಿದ್ದರು.

“ಒರಸೂ ಅರಿವಿ ಹಸಿ ಇತ್ತೇನೋ ತಮ್ಮಾ. ಒಳಗ ನೀರು ಹೋತೇನು?”

ಅಷ್ಟರಲ್ಲಿ ಸಾವ್ಕಾರರ ಫೋನು. “ಏನಾತೋ? ಆ ಹೊಸಾದ್ರ ಸಲುವಾಗೇನು?”

“ನೀರು ಹೋಗಿರಬೇಕ್ರಿ,” ಅಂದೆ.

ಪಕ್ಕದಲ್ಲೇ ನಿಂತ ಕಾಕಾ ತಮ್ಮ ಅಂಗೈ ನೋಡಿಕೊಂಡರು. ಅವರಿಗೆ ಕಾಣದ ಹಾಗೆ ನಾನು ಅವರ ಉಳಿದ ಹಳೆಯ ಕಡತಗಳನ್ನೆಲ್ಲ ‘ಡಿ’ ಡ್ರೈವಿಗೆ ಸರಿಸಿ ಎದ್ದು ಬಂದೆ.

ಕಾಕಾ ಮತ್ತೆ ಆ ಮಷಿನು ಮುಟ್ಟಲಿಲ್ಲ. ಯಾರಾದರೂ ಕೇಳಿದರೆ “ನನ್ನ ಕೈ ಹಸಿ ಐತಿ” ಅಂತ ನಗುತ್ತಿದ್ದರಂತೆ. ಹಾಳೆಯ ಮೇಲೆ ಸಣ್ಣಪುಟ್ಟ ನಕ್ಷೆ ಬರೆದರು, ಆಮೇಲೆ ಅದೂ ನಿಂತಿತು.

ಮೂರು ವರ್ಷದ ಮೇಲೆ ಸಂಸ್ಥೆ ಬೆಳೆಯಿತು, ನನ್ನ ಸಾಫ್ಟ್‌ವೇರ್ ಸಾಲಲಿಲ್ಲ. ಆಗ ಬಿಟ್ಟಿದ್ದ ಆ ಮೊದಲನೆಯದನ್ನೇ ತಂದೆವು. ಒಬ್ಬೊಬ್ಬರ ಪಕ್ಕ ಕೂತು ಕೇಳಿ ತುಂಬುತ್ತಾ ಇಳಕಲ್ಲಿಗೆ ಬಂದೆ. ಮಷಿನಿನ ಮೇಲೆ ಬಟ್ಟೆ ಹೊದಿಸಿದ್ದರು, ಬಟ್ಟೆಯ ಮೇಲೆ ಕುಂಕುಮ. ನೂಲು ಬೇರ್ಪಡಿಸುತ್ತ ಕೂತಿದ್ದ ಕಾಕಾನ ಎದುರು ಕೂತು ಹೇಳಿಬಿಟ್ಟೆ. ಎಲ್ಲಾ.

“ಅಂದ್ರ ನೀರು ಹೋಗಿದ್ದಿಲ್ಲ?”

“ಇಲ್ರಿ.”

“ಆ ದಿನಾನ ಗೊತ್ತಿತ್ತೇನು ನಿನಗ?”

“ಗೊತ್ತಿತ್ರಿ.”

ನೂಲು ಕೆಳಗಿಟ್ಟರು. “ಹೇಳಿದ್ರ ಮತ್ತ ಸೀರಿ ತರಿಸಿ ಬರೀತಿದ್ನೆಲ್ಲೋ. ಇನ್ನೂ ಎರಡ ತಿಂಗಳ ಇತ್ತು ಅದು ಆಕಿ ಕಡೆ. ಆಮ್ಯಾಗ ಹರದು ಹೊದಿಯಾಕ ಕೌದಿ ಹೊಲದ್ಲು. ನನ್ನ ಕೈಲೆ ಮತ್ತ ಕೆಡತೈತಿ ಅಂತ ನಾ ಕೇಳಲಿಲ್ಲ.”

“ಈಗರ ಒಂದ ಸಲ ಕುಂದರ್ರಿ, ಕಾಕಾ. ಯಾವದರ ಬ್ಯಾರೆ ದಡಿ…”

“ಈಗ ಚೌಕ ಎಲ್ಲಿ ಕಾಣತಾವೋ? ನಿನ್ನ ಮಾರಿ ಕಾಣವಲ್ದು.” ಬೈಯಲೂ ಇಲ್ಲ. ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಗದ್ದ ತಿರುಗಿಸಿದರು. “ಏನ ಬರಕೊಳ್ಳಾಕ ಬಂದೀಯೋ ಬರಕೊ. ಬಸ್ಸಿಗೆ ಹೊತ್ತಾಕ್ಕೈತಿ ನಿನಗ.”

ಹಾಳೆಯಲ್ಲಿ ಮೊದಲ ಪ್ರಶ್ನೆ, ಈ ಮಷಿನಿನಲ್ಲಿ ಕೆಲಸ ಮಾಡುವವರು ಯಾರು. ಯಾರೂ ಇಲ್ಲ ಅಂತ ಬರೆದೆ.