ಬೋಟು ಕಡಲಿಗೆ ಇಳಿಯುವವರೆಗೆ

ಹನ್ನೊಂದು ಸಾವಿರ ಎಂದರೆ ವರ್ಷಕ್ಕೆ ಎಂದು ರಿತೇಶ್ ತಿಳಿದುಕೊಂಡಿದ್ದ.

ಮಣಿಪಾಲದ ಆ ಡೇ ಕೇರಿನ ಗೋಡೆಯ ಮೇಲೆ ಆನೆ, ಜಿರಾಫೆ, ಎರಡರ ನಡುವೆ ಶುಲ್ಕದ ಬೋರ್ಡು. ಏಳು ತಿಂಗಳ ಬಸುರಿ ಹೆಂಡತಿ ಆಶ್ರಿತಾ ಅಲ್ಲಿದ್ದ ಒಂದೇ ಒಂದು ದೊಡ್ಡವರ ಕುರ್ಚಿಯಲ್ಲಿ ಕೂತಿದ್ದಳು. ರಿತೇಶ್ ಬೋರ್ಡು ನೋಡಿದ, ಮನಸ್ಸಿನಲ್ಲೇ ಹನ್ನೆರಡರಿಂದ ಭಾಗಿಸಿದ, ತಿಂಗಳಿಗೆ ಸಾವಿರದೊಳಗೇ ಆಯಿತಲ್ಲ, ಲೋಕದಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಎಂದುಕೊಂಡ. ಕೌಂಟರಿನಲ್ಲಿದ್ದ ಸಿಂಥಿಯಾ ಎಂಬ ಹುಡುಗಿಯ ಹತ್ತಿರ ಹೋಗಿ, "ಒಂದೇ ಸಲ ಪೂರ್ತಿ ಕಟ್ಟಿದರೆ ಡಿಸ್ಕೌಂಟ್ ಉಂಟಾ?" ಎಂದು ಕೇಳಿದ.

ಹುಡುಗಿಯ ಮುಖದಲ್ಲಿ ಗೌರವ ಮೂಡಿತು. "ಇಡೀ ವರ್ಷದ್ದಾ ಸರ್? ಐದು ಪರ್ಸೆಂಟ್ ಉಂಟು. ಒಂದು ಲಕ್ಷದ ಇಪ್ಪತ್ತೈದು ಸಾವಿರದ ನಾನೂರು ಆಗ್ತದೆ. ಡೈಪರ್ ಮತ್ತೆ ಊಟದ್ದು ಬೇರೆ. ಕಾರ್ಡಾ, ಚೆಕ್ಕಾ?"

ಆಶ್ರಿತಾ ಜಿರಾಫೆಯ ಕುತ್ತಿಗೆಗೆ ಕೈ ಊರಿ ಎದ್ದು ನಿಂತಳು.

ಇದರಲ್ಲಿ ನಾಚಿಕೆಯ ಸಂಗತಿ ಎಂದರೆ, ದೊಡ್ಡ ಮೊತ್ತವನ್ನು ಸಣ್ಣದಾಗಿ ಕಾಣಿಸುವುದೇ ರಿತೇಶನ ಹೊಟ್ಟೆಪಾಡು. ಉಡುಪಿಯ ಹೆದ್ದಾರಿ ಬದಿಯ ಸ್ಕೂಟರ್ ಶೋರೂಮಿನಲ್ಲಿ ಟೈ ಕಟ್ಟಿ ನಿಂತು, "ದಿನಕ್ಕೆ ನಾಲ್ಕು ಚಹಾದ ದುಡ್ಡು ಸರ್, ಅಷ್ಟೇ" ಎಂದು ಎಷ್ಟೋ ಮಂದಿಯನ್ನು ಅವನು ಕಂತಿಗೆ ಹತ್ತಿಸಿದ್ದ. ಆ ದಿನ ತನ್ನನ್ನು ತಾನೇ ಹತ್ತಿಸಿಕೊಂಡು, ತಾನೇ ಕೆಳಗೆ ಬಿದ್ದ. ಉದ್ಯಾವರದ ಬಾಡಿಗೆ ಮನೆಗೆ ಮರಳುವ ಬಸ್ಸಿನಲ್ಲಿ ಆಶ್ರಿತಾ ಬಲಾಯಿಪಾದೆ ದಾಟುವವರೆಗೆ ಟಿಕೆಟನ್ನು ಮಡಚುತ್ತ ಕೂತಿದ್ದಳು. ಆಮೇಲೆ, "ಐದು ಪರ್ಸೆಂಟ್ ಬಿಡ್ತಾರಲ್ಲ, ಪಾಪ" ಎಂದಳು.

ಮಗು ಹುಟ್ಟಿದರೆ ಅಜ್ಜಿಯೊಬ್ಬಳು ತಾನಾಗಿ ಒದಗುತ್ತಾಳೆ ಎಂದು ಇಬ್ಬರೂ ಆಮೇಲೆ ನಂಬಿಕೊಂಡರು. ಆಶ್ರಿತಾಳ ತಾಯಿ ಇನ್ನಂಜೆಯ ಮನೆಯಲ್ಲಿ ಬಾಣಂತನವನ್ನೇನೋ ಚೆನ್ನಾಗಿಯೇ ಮಾಡಿದರು. ಅದು ಮುಗಿದದ್ದೇ ಮಗಳ ಕೈಗೆ ಬಾಣಂತಿ ಲೇಹ್ಯದ ಡಬ್ಬ ಕೊಟ್ಟು ಮಸ್ಕತ್ತಿನ ವಿಮಾನ ಹತ್ತಿದರು. ಅಲ್ಲಿ ಮಗನ ಅವಳಿ ಮಕ್ಕಳಿದ್ದವು. ಆಯಾ ಇಡುವುದಕ್ಕಿಂತ ಅಮ್ಮನಿಗೆ ವೀಸಾ ಮಾಡಿಸುವುದು ಅಗ್ಗ ಎಂದು ಮಗ ಕಂಡುಕೊಂಡಿದ್ದ. ರಿತೇಶನ ತಾಯಿ ಪ್ರಫುಲ್ಲಾ ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ದಿನಾ ಗೇರುಬೀಜದ ಕಾರ್ಖಾನೆಗೆ ಹೋಗುವವರು. "ಪಿಂಚಣಿಗೆ ಇನ್ನು ಎರಡು ವರ್ಷ ಉಂಟು ಮಗ" ಎಂದರು. "ಈಗ ಬಿಟ್ಟರೆ ಇಷ್ಟು ವರ್ಷ ಗೇರಿನ ಸೊನೆಗೆ ಸುಟ್ಟುಕೊಂಡ ಈ ಬೆರಳುಗಳಿಗೆ ಎಂತ ಸಿಕ್ಕಿದ ಹಾಗಾಯ್ತು?" ಅಮ್ಮನಿಗೂ ಒಂದು ಉದ್ಯೋಗ ಉಂಟು, ಅದಕ್ಕೂ ಒಂದು ಕೊನೆಯ ದಿನಾಂಕ ಉಂಟು ಎಂದು ರಿತೇಶನಿಗೆ ಹೊಳೆದದ್ದು ಆವತ್ತೇ.

ಮೇ ಕೊನೆಗೆ ಆಶ್ರಿತಾಳ ಹೆರಿಗೆ ರಜೆ ಮುಗಿಯುತ್ತಿತ್ತು. ಆಗ ಮನೆಯೊಡತಿ ಬರ್ತಾಬಾಯಿ ದಾರಿ ತೋರಿಸಿದರು. "ನಮ್ಮ ಸರಸ ಇದ್ದಾಳಲ್ಲ. ಜೂನ್ ಒಂದರಿಂದ ಬರ್ತಾಳೆ. ಮಗು ಅಂದರೆ ಅವಳಿಗೆ ಜೀವ."

ಒಂದನೇ ತಾರೀಕು ಎಂದರೆ ಸಂಬಳದ ಲೆಕ್ಕಕ್ಕೂ ಸುಲಭ ಎಂದು ರಿತೇಶ್ ಖುಷಿಪಟ್ಟ. ಜೂನ್ ಒಂದು ಎಂದರೆ ಕರಾವಳಿಯಲ್ಲಿ ಏನು ಎಂದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಆ ದಿನದಿಂದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಬಂಗುಡೆ ಕೈಗೆ ಎಟಕುವುದಿಲ್ಲ, ಅವನು ಮೊಟ್ಟೆಸಾರು ತಿನ್ನುತ್ತಾನೆ. ಮೀನುಗಾರಿಕೆಯ ನಿಷೇಧ ಎಂದರೆ ಅವನಿಗೆ ಊಟದ ಬಟ್ಟಲಿನ ಸಂಗತಿ. ಆ ಎರಡು ತಿಂಗಳು ಮೀನು ಮಾರುವ ಹೆಂಗಸು ಏನು ಮಾಡುತ್ತಾಳೆ ಎಂದು ಕಡಲಿಲ್ಲದ ಕಾರ್ಕಳದ ಕಡೆಯ ಹುಡುಗನೊಬ್ಬ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಸರಸಕ್ಕ ಬಂದರು. ಐವತ್ತು ದಾಟಿದವರು, ಎತ್ತರದ ಆಳು, ಕೈಯಲ್ಲಿ ಗಂಡಸರ ಕೊಡೆ. ಗಂಡ ಲೀಲಾಧರ ಬೋಟಿನಲ್ಲಿ ದುಡಿಯುವವರು. ತಾನು ಕಾಪುವಿನ ಮಾರ್ಕೆಟಿನಲ್ಲಿ ಮೀನಿಗೆ ಕೂರುವುದು ಎಂದರು. ಫ್ಯಾನಿನ ಅಡಿಯ ಕೆಲಸ ಸಿಕ್ಕಿದ ಮೇಲೆ ಯಾರು ಬಿಸಿಲಿಗೆ ಹೋಗುತ್ತಾರೆ, ಅದೆಲ್ಲ ಹಳೆಯ ಕಥೆ ಇರಬೇಕು ಎಂದು ರಿತೇಶ್ ಕೇಳಿಸಿಕೊಂಡ. ಆಮೇಲೆ ಮೀನು ಮಾರುವವರ ಜೊತೆ ಚೌಕಾಶಿಗೆ ಇಳಿದ.

"ಎಷ್ಟು ಹೇಳ್ತೀರಿ ಸರಸಕ್ಕ?"

"ನೀವೇ ಹೇಳಿ."

"ಏಳು ಸಾವಿರ."

"ಏಳಕ್ಕೆ ನಾಯಿಮರಿ ನೋಡಿಕೊಳ್ಳಲಿಕ್ಕೂ ಜನ ಬರುದಿಲ್ಲ ರಿತೇಶಣ್ಣ." ಸರಸಕ್ಕ ಕೊಡೆ ಬಿಡಿಸಿ ಮೆಟ್ಟಿಲು ಇಳಿದರು.

"ಏಳೂವರೆ."

ಅವರು ತಿರುಗಿ ನೋಡದೆ ಗೇಟಿನ ಚಿಲಕಕ್ಕೆ ಕೈ ಹಾಕಿದರು. ಒಳಗೆ ಮಗು ಅತ್ತಿತು. ರಿತೇಶ್ ಚಪ್ಪಲಿ ಹಾಕದೆ ಅಂಗಳಕ್ಕೆ ಓಡಿದ. "ಒಂಬತ್ತು."

"ಮೊದಲೇ ಹೇಳಬಹುದಿತ್ತು. ಬನ್ನಿ, ಮಳೆ ಬರ್ತದೆ, ಒಳಗೆ ಹೋಗುವ."

ಬರ್ತಾಬಾಯಿಯ ಹತ್ತಿರ ಅವರು ಎಂಟಕ್ಕೆ ಒಪ್ಪಿಕೊಂಡು ಬಂದಿದ್ದರು ಎಂಬುದು ಒಂದು ವಾರದ ಮೇಲೆ ತಿಳಿಯಿತು. ಆಶ್ರಿತಾ ಅದನ್ನು ಫೋನಿನಲ್ಲಿ ಮಸ್ಕತ್ತಿನವರೆಗೂ ಮುಟ್ಟಿಸಿದಳು.

ಆ ಎರಡು ತಿಂಗಳು ಮನೆ ಮನೆಯಂತಿತ್ತು. ಧನ್ವಿ ಎಂಬ ಆರು ತಿಂಗಳ ಆ ಮಗುವಿಗೆ ಸರಸಕ್ಕ ಲಾಲಿ ಹಾಡಿದ್ದನ್ನು ಯಾರೂ ಕೇಳಲಿಲ್ಲ. ಮಾರ್ಕೆಟಿನಲ್ಲಿ ಮಾತಾಡುವ ಸ್ವರದಲ್ಲೇ ಮಾತಾಡುತ್ತಿದ್ದರು. "ಅಳುವುದಾದರೆ ಗಟ್ಟಿಯಾಗಿ ಅಳು ಬಾಲೆ. ಇಷ್ಟು ಸಣ್ಣ ಸ್ವರಕ್ಕೆ ಯಾರೂ ತಿರುಗಿ ನೋಡುದಿಲ್ಲ." ಮಗು ಹಾಗೇ ಅಭ್ಯಾಸ ಮಾಡಿಕೊಂಡಿತು. ರಾಗಿ ಸರಿ ಉಗುಳಿದರೆ, "ಬೇಡವಾ? ಬೇರೆ ಗಿರಾಕಿ ಉಂಟು" ಎಂದು ಬಟ್ಟಲನ್ನು ಆಚೆ ಸರಿಸುತ್ತಿದ್ದರು, ಅದು ಬಾಯಿ ತೆರೆದು ಕೈ ಚಾಚುತ್ತಿತ್ತು. ಸಂಜೆ ಆಶ್ರಿತಾ ಬಾಗಿಲಿಗೆ ಬಂದರೆ ಅವರ ಸೊಂಟ ಬಿಟ್ಟು ಇಳಿಯದೆ ರಂಪ ಮಾಡುತ್ತಿತ್ತು.

ಒಂದು ಸಂಜೆ ಬಸ್ಸು ತಪ್ಪಿ ಕೂತಿದ್ದಾಗ ಸರಸಕ್ಕ ತನ್ನ ಮಗಳು ತೃಪ್ತಿಯ ಮಾತು ತೆಗೆದರು. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ, ಕೂಸನ್ನು ಬಿಟ್ಟು ಹೋಗುವಂತಿರಲಿಲ್ಲ. ತೃಪ್ತಿಯನ್ನು ಮೀನಿಗೆ ಕೂರುವಲ್ಲಿಗೇ ಒಯ್ದು, ಸಿಗಡಿಯ ಖಾಲಿ ಬಾಕ್ಸಿನಲ್ಲಿ ಬಟ್ಟೆ ಹಾಸಿ ಮಲಗಿಸುವುದು. ಕೊಡೆಯ ನೆರಳು ಅವಳಿಗೆ, ಬಿಸಿಲು ಇವರಿಗೆ. "ಬೆಕ್ಕು ಬಂದು ಮೂಸಿ ಹೋಗುವುದು. ಮೀನಲ್ಲ ಅಂತ ಗೊತ್ತಾದ ಮೇಲೆ ಮರ್ಯಾದೆಯಲ್ಲಿ ಹೋಗುವುದು." ಸರಸಕ್ಕ ನಕ್ಕರು. "ಶಾಲೆಯಲ್ಲಿ ಬೆಂಚಿನಲ್ಲಿ ಯಾರೂ ಪಕ್ಕ ಕೂರ್ಲಿಲ್ಲ ಅವಳಿಗೆ, ವಾಸನೆ ಅಂತ."

"ಈಗ ಎಲ್ಲಿದ್ದಾಳೆ?" ಆಶ್ರಿತಾ ಕೇಳಿದಳು.

"ಬೊಂಬಾಯಿಯಲ್ಲಿ. ಮೀನು ಮುಟ್ಟುದಿಲ್ಲ. ನನಗೆ ಫೋನು ಮಾಡುದೂ ಕಮ್ಮಿ."

ಅಷ್ಟು ಹೇಳಿ ಅವರು ಮಗುವಿನ ಮೂಗು ಒರೆಸಿದರು. ಆಶ್ರಿತಾ ಚಹಾ ಇಡಲು ಎದ್ದಳು.

ಜುಲೈ ಕೊನೆಯ ವಾರ ಸರಸಕ್ಕ ಹೊರಡುವಾಗ ಮೆಟ್ಟಿಲಲ್ಲಿ ನಿಂತು ಹೇಳಿದರು: "ಗುರುವಾರದವರೆಗೆ ಬರ್ತೇನೆ. ಶುಕ್ರವಾರ ಬೋಟು ಇಳೀತದೆ."

ರಿತೇಶ್ ಅವರ ಕೈಯ ಕೊಡೆ ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತು. ಅವನಿಗೆ ಯಾವಾಗಲೂ ಎಲ್ಲವೂ ಬೇಗ ಅರ್ಥವಾಗಿಬಿಡುತ್ತದೆ. "ನೋಡುವ ಸರಸಕ್ಕ" ಎಂದು ಫೋನಿನ ಕಡೆ ತಿರುಗಿದ.

"ಎಂತ ನೋಡುವುದು?" ಅವರು ಹೋದ ಮೇಲೆ ಆಶ್ರಿತಾ ಕೇಳಿದಳು. "ಅವರು ಬಿಡ್ತೇನೆ ಅಂತ ಹೇಳಿದ್ದು."

"ಅದು ವ್ಯಾಪಾರ ಮಾರಾಯ್ತಿ. ಗೇಟಿನವರೆಗೆ ಹೋಗ್ತಾರೆ, ಐನೂರು ಜಾಸ್ತಿ ಮಾಡಿದರೆ ತಿರುಗಿ ಬರ್ತಾರೆ. ಈ ಸಲ ನಾನು ಅಂಗಳಕ್ಕೆ ಓಡುವುದಿಲ್ಲ. ನಾನು ಸೇಲ್ಸಿನಲ್ಲಿರುವವ."

"ನೀನು ಸೇಲ್ಸಿನಲ್ಲಿರುವುದು ಆ ಡೇ ಕೇರಿನ ಹುಡುಗಿಗೂ ಗೊತ್ತುಂಟು. ಸರಿ ಮಾಡಿ ಕೇಳು ಒಮ್ಮೆ."

ಅವನು ಕೇಳಲಿಲ್ಲ. ಮೊದಲು ಬಾಯಿ ಬಿಟ್ಟವನು ಸೋತ ಎಂದು ಶೋರೂಮಿನ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಗುರುವಾರ ಸಂಬಳ ಎಣಿಸಿಕೊಟ್ಟು ಸುಮ್ಮನೆ ನಿಂತ. ಸರಸಕ್ಕ ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಂಡು, ಆಶ್ರಿತಾಳಿಗೆ ಕೊಟ್ಟು, ಹೋದರು.

ಶುಕ್ರವಾರ ಆಶ್ರಿತಾ ಕುತ್ತಿಗೆಗೆ ಐಡಿ ಕಾರ್ಡು ಹಾಕಿ, ಸೊಂಟದಲ್ಲಿ ಮಗುವನ್ನಿಟ್ಟುಕೊಂಡು ಗೇಟಿನಲ್ಲಿ ನಿಂತಳು. ಮಣಿಪಾಲದ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ರಿತೇಶ್ ಫೋನು ಮಾಡಿದ. ಮಲ್ಪೆಯ ಬಂದರಿನ ಗಲಾಟೆಯ ನಡುವೆ ಸರಸಕ್ಕನ ಸ್ವರ: "ಹೇಳಿದ್ದೆನಲ್ಲ."

"ಐನೂರು ಜಾಸ್ತಿ ಕೊಡುವ ಸರಸಕ್ಕ."

"ಎಂತ? ಕೇಳುದಿಲ್ಲ. ಬೋಟಿಗೆ ಐಸ್ ಹಾಕ್ತಾ ಇದ್ದಾರೆ."

"ಒಂದು ಸಾವಿರ."

ಫೋನು ಕಟ್ಟಾಗಿತ್ತು. ಆಶ್ರಿತಾ ಐಡಿ ಕಾರ್ಡು ತೆಗೆದು, ಅದರ ದಾರವನ್ನು ಮಗು ಕಚ್ಚಲು ಬಿಟ್ಟಳು.

ಇದ್ದ ರಜೆಯೆಲ್ಲ ಒಂದು ವಾರದಲ್ಲಿ ಕರಗಿತು. ಅವಳದು ಆಸ್ಪತ್ರೆಗಳ ಇನ್ಶೂರೆನ್ಸ್ ಬಿಲ್ಲು ಪರಿಶೀಲಿಸುವ ಕಂಪನಿ. ಐವತ್ತು ಜನರಿದ್ದರೆ ಮಕ್ಕಳಿಗೊಂದು ಕೋಣೆ ಮಾಡಿಕೊಡಬೇಕು ಎಂದು ಕಾನೂನು ಉಂಟು. ಅವಳ ಕಂಪನಿಯಲ್ಲಿ ಇದ್ದದ್ದು ನಲವತ್ತೇಳು ಜನ. ಅದೇ ಮಹಡಿಯಲ್ಲಿ, ಅದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ಉಳಿದವರು ಇನ್ನೊಂದು ಹೆಸರಿನ ಕಂಪನಿಯವರು. ಮ್ಯಾನೇಜರ್ ಒಳ್ಳೆಯ ಮನುಷ್ಯ, ಒಳ್ಳೆಯ ಮಾತಿನಲ್ಲೇ ಆಗುವುದಿಲ್ಲ ಎಂದ.

ಮನೆಯಲ್ಲಿ ಲೆಕ್ಕ ಹಾಕಿದರು. ಡೇ ಕೇರಿಗೆ ಹನ್ನೊಂದು ಸಾವಿರ, ಡೈಪರ್, ಊಟ. ಅದು ಮುಚ್ಚುವುದು ಐದೂವರೆಗೆ, ಅವಳು ಆಫೀಸು ಬಿಡುವುದು ಆರೂವರೆಗೆ. ಆ ಒಂದು ಗಂಟೆಗೆ ಬೇರೆ ದರ. ಕೂಸನ್ನು ರಶ್ಶಿನ ಬಸ್ಸಿಗೆ ಹತ್ತಿಸಲಾಗದೆ ರಿಕ್ಷಾ. ಎಲ್ಲವನ್ನೂ ರಿತೇಶ್ ಆಶ್ರಿತಾಳ ಸಂಬಳದಿಂದ ಕಳೆದ. ಉಳಿದದ್ದರಲ್ಲಿ ಅವಳು ತಿಂಗಳಿಗೊಂದು ಚೂಡಿದಾರ ಹೊಲಿಸಬಹುದಿತ್ತು, ಬಟ್ಟೆ ಯಾರಾದರೂ ಉಡುಗೊರೆ ಕೊಟ್ಟರೆ. ಮಗುವಿನ ಖರ್ಚನ್ನು ಹೆಂಡತಿಯ ಸಂಬಳದಿಂದಲೇ ಕಳೆಯಬೇಕು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿ ಅಲ್ಲಿಗೆ ಹೋಯಿತು. ಅವಳ ಸಂಬಳ ಅವನದಕ್ಕಿಂತ ಸಾವಿರದ ಇನ್ನೂರು ಜಾಸ್ತಿ ಇತ್ತು.

"ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ" ಎಂದ. "ನೀನೇ ಯೋಚನೆ ಮಾಡು."

"ಹೌದು, ಯೋಚನೆ ಮಾಡುವುದು ನನ್ನ ಡಿಪಾರ್ಟ್‌ಮೆಂಟು" ಎಂದಳು ಆಶ್ರಿತಾ.

ಅವಳು ರಾಜೀನಾಮೆ ಕಳಿಸಿದಳು. ನೋಟಿಸಿನ ದಿನಗಳು ಮುಗಿಯುವವರೆಗೆ ಆಫೀಸಿಗೆ ಹೋಗಲೇಬೇಕಿತ್ತು. ಪ್ರಫುಲ್ಲಾ ಕಾರ್ಖಾನೆಗೆ ಸಂಬಳವಿಲ್ಲದ ರಜೆ ಹಾಕಿ ಬಂದು ಕೂತರು. ಮಗುವನ್ನು ಕೆಳಗೆ ಬಿಡಲಿಲ್ಲ. ಮನೆಯಲ್ಲಿ ವ್ಯವಸ್ಥೆಯಾದರೆ ತಿಂಗಳ ಕೊನೆಯೊಳಗೆ ರಾಜೀನಾಮೆ ಹಿಂದೆ ತೆಗೆದುಕೊಳ್ಳಬಹುದು ಎಂದು ಆ ಮ್ಯಾನೇಜರೇ ಹೇಳಿದ್ದ. ಕಂಡ ಕಂಡವರನ್ನು ವಿಚಾರಿಸಿ ಆಯಿತು. ಆಗಸ್ಟಿನ ಕೊನೆಯ ಭಾನುವಾರ ರಿತೇಶ್ ಕಾಪುವಿಗೆ ಹೋದ.

ಸರಸಕ್ಕ ಮಾರ್ಕೆಟಿನ ಬಾಗಿಲ ಬಳಿ ಮಣೆಯ ಮೇಲೆ ಕೂತು ಬೂತಾಯಿ ಮೀನು ಎಣಿಸಿ ಹಾಕುತ್ತಿದ್ದರು. ಅವನನ್ನು ಕಂಡು, "ಬಾಲೆ ಹೇಗುಂಟು?" ಎಂದರು.

"ನಿಮ್ಮನ್ನು ಹುಡುಕ್ತದೆ."

ಪಕ್ಕದಲ್ಲಿ ಕೂತ ಹೆಂಗಸು ಅವನ ಇಸ್ತ್ರಿ ಮಾಡಿದ ಅಂಗಿ ನೋಡಿದಳು. "ಯಾರು ಸರಸ, ಅಳಿಯನಾ?"

"ಅಳಿಯ ಆಗಿದ್ದರೆ ಇಲ್ಲಿ ಕೂರಿಸಿ ಮೀನು ಕ್ಲೀನ್ ಮಾಡಿಸ್ತಿದ್ದೆ."

ಇಬ್ಬರೂ ನಕ್ಕರು. ರಿತೇಶನೂ ನಕ್ಕ, ಸ್ವಲ್ಪ ತಡವಾಗಿ. ಮತ್ತೆ ಬಾಗಿ ಹೇಳಿದ: "ಡೇ ಕೇರಿಗೆ ಕೊಡುವುದನ್ನು ನಿಮಗೇ ಕೊಡ್ತೇವೆ ಸರಸಕ್ಕ. ಹನ್ನೊಂದು. ಮಳೆ ಬಿಸಿಲು ಇಲ್ಲ, ನಸುಕಿಗೆ ಏಳಬೇಕಾಗಿಲ್ಲ."

"ಎಷ್ಟು ವರ್ಷ?"

"ಅಂದರೆ?"

"ಮೂರು ತುಂಬಿದರೆ ಅವಳನ್ನು ಶಾಲೆಗೆ ಹಾಕ್ತೀರಿ. ಮತ್ತೆ ನಾನು ಎಂತ ಮಾಡುವುದು? ಎರಡು ತಿಂಗಳು ಮಗು ಆಡಿಸಿ ಬರುವಾಗ ಇಲ್ಲಿ ಬೇರೆಯವಳು ಬಾಕ್ಸ್ ಇಟ್ಟಾಗಿತ್ತು. ಒಂದು ವಾರ ಜಗಳ ಮಾಡಿ ಇಷ್ಟು ಸಿಕ್ಕಿತು." ಮಣೆಯ ಸುತ್ತ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ. "ನನ್ನ ಗಿರಾಕಿಗಳಿಗೆ ನಾನು ಇಲ್ಲಿ ಇದ್ದರೆ ಮಾತ್ರ ನೆನಪು."

ಹೇಳಲು ಏನೂ ಉಳಿಯದಾಗ ಮನುಷ್ಯ ಹೇಳುವುದನ್ನೇ ರಿತೇಶ್ ಹೇಳಿದ. ಸ್ವರವೂ ಸ್ವಲ್ಪ ಏರಿತು. "ನಾಳೆಗೆ ಆಶ್ರಿತಾಳ ಕೆಲಸ ಹೋಗ್ತದೆ. ಅವಳು ನಿಮ್ಮನ್ನು ತಾಯಿಯ ಹಾಗೆ ನೋಡಿದ್ದು. ಆ ಮಗುವಿನ ಮೇಲೆ ನಿಮಗೆ ಒಂದು ಚೂರೂ ಪ್ರೀತಿ ಇರಲಿಲ್ವಾ ಸರಸಕ್ಕ? ಎಲ್ಲ ಸಂಬಳಕ್ಕೆ ಮಾಡಿದ್ದಾ?"

ಪಕ್ಕದ ಹೆಂಗಸು ಕತ್ತಿ ಹಿಡಿದ ಕೈ ನಿಲ್ಲಿಸಿದಳು. ಸರಸಕ್ಕ ಬೂತಾಯಿಗೆ ನೀರು ಚಿಮುಕಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಅವನ ಮುಖವನ್ನೇ ನೋಡಿದರು.

"ಸಂಬಳಕ್ಕೇ ಮಾಡಿದ್ದು. ಪ್ರೀತಿಯೂ ಇತ್ತು, ಅದಕ್ಕೆ ನಾನು ದುಡ್ಡು ಕೇಳ್ಲಿಲ್ಲ. ಆದರೆ ಅವಳ ಕೆಲಸ ತೆಗೆಯುವುದು ನಾನಲ್ಲ. ಅವಳು ಬಿಡಬೇಕು, ಇಲ್ಲದಿದ್ದರೆ ನಾನು ಬಿಡಬೇಕು, ನಿಮ್ಮ ಕೆಲಸದ ಸುದ್ದಿಯೇ ಇಲ್ಲ. ಮನೆಯಲ್ಲಿ ಕೂರ್ಲಿಕ್ಕೆ ಒಬ್ಬರು ಬೇಕಾದರೆ ನೀವು ಕೂತುಕೊಳ್ಳಿ ರಿತೇಶಣ್ಣ. ಈಗ ಸ್ವಲ್ಪ ಆಚೆ ನಿಲ್ಲಿ, ಗಿರಾಕಿ ಬಂದರು."